ಮುನ್ನೂರು ಜನರ ಊರು, ಮೂರು ಸಾವಿರ ಜನರ ಹಡಗು: ನಾರ್ವೆಯ ಫಿಯಾರ್ಡ್ ಹಳ್ಳಿಗಳಲ್ಲಿ ನೋಡೋದೇನು?

ಈ ಸಲದ ಮಾತು ನಾರ್ವೆಯ ಫಿಯಾರ್ಡ್ ಹಳ್ಳಿಗಳ ಬಗ್ಗೆ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿಷಯಗಳನ್ನೂ ಸೇರಿಸಿ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.

ಪುಣೆ, ಹೈದರಾಬಾದ್, ಚೆನ್ನೈ ಆಫೀಸುಗಳಿಂದ ಪ್ರಾಜೆಕ್ಟ್ ಮೇಲೆ ಯುರೋಪಿಗೆ ಹೋಗುವವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಕೈಯಲ್ಲಿ ಷೆಂಗೆನ್ ವೀಸಾ ಇದ್ದರೆ ನಾರ್ವೆಗೂ ಅದೇ ಸಾಕು. ಆ ದೇಶ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಷೆಂಗೆನ್ ಒಪ್ಪಂದದಲ್ಲಿ ಇದೆ. ಹಾಗಾಗಿ ನಾಲ್ಕು ದಿನ ರಜೆ ಸಿಕ್ಕಿದರೆ ಫಿಯಾರ್ಡ್ ನೋಡಿ ಬರೋಣ ಅನ್ನಿಸೋದು ಸಹಜ. ಹೋಗಿ ಬಂದವರ ಫೋಟೊಗಳು ಮಾತ್ರ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಹಸಿರು ನೀರು, ಗೋಡೆಯಂಥ ಗುಡ್ಡ, ಕೆಂಪು ಬಣ್ಣದ ಮರದ ಮನೆ, ಹಿಂದೆ ಬಿಳಿ ಹಡಗು. ಆ ಕೆಂಪು ಮನೆಯಲ್ಲಿ ಯಾರಿದ್ದಾರೆ, ಅವರ ಹೊಟ್ಟೆಪಾಡು ಏನು, ಅಂಥ ಜಾಗಕ್ಕೆ ರೈಲು ಯಾಕೆ ಬಂತು ಅಂತ ತಿಳಿಯದೆ ನೋಡಿದರೆ ಅದು ಲ್ಯಾಪ್‌ಟಾಪಿನ ವಾಲ್‌ಪೇಪರ್ ಅಷ್ಟೇ.

ನಾನು ಹೇಳಬೇಕು ಅಂತಿರೋದು ಇದು. ಈ ಹಳ್ಳಿಗಳಲ್ಲಿ ನಾವು ಟಿಕೆಟ್ ತಗೊಂಡು ನೋಡುವ ವಸ್ತುಗಳಲ್ಲಿ ಬಹುಪಾಲು ಪ್ರವಾಸಿಗರಿಗೋಸ್ಕರ ಹುಟ್ಟಿದವಲ್ಲ. ಊರಿನವರು ಬದುಕೋಕೆ ಅಂತ ಮಾಡಿಕೊಂಡಿದ್ದು, ಆಮೇಲೆ ನೋಡುವ ವಸ್ತು ಆಯ್ತು. ಈಗ ಅದೇ ವಸ್ತು ಊರನ್ನು ಸಾಕುತ್ತಿದೆ, ಕೆಲವು ದಿನ ಊರನ್ನೇ ಮುಳುಗಿಸುವಷ್ಟು ಜನರನ್ನು ತರುತ್ತಿದೆ.

ಮೊದಲು ನೆಲದ ಕಥೆ. ಫಿಯಾರ್ಡ್ ಅಂದರೆ ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಕೊಲ್ಲಿ. ಸಾವಿರಾರು ಅಡಿ ದಪ್ಪದ ಮಂಜುಗಡ್ಡೆ ತನ್ನ ಭಾರಕ್ಕೇ ನಿಧಾನವಾಗಿ ಜಾರುತ್ತಾ, ತಳದ ಬಂಡೆಯನ್ನು ಉಜ್ಜಿ ಉಜ್ಜಿ ಸಮುದ್ರಮಟ್ಟಕ್ಕಿಂತ ಎಷ್ಟೋ ಕೆಳಗಿನವರೆಗೆ ಕೊರೆಯಿತು. ಹಿಮಯುಗ ಮುಗಿದು ಮಂಜು ಹಿಂದೆ ಸರಿದ ಮೇಲೆ ಸಮುದ್ರ ಒಳಗೆ ಬಂತು. ನಾರ್ವೆಯ ಅತಿ ಉದ್ದದ ಸೋಗ್ನೆಫಿಯಾರ್ಡ್ ಒಳನಾಡಿಗೆ 200 ಕಿ.ಮೀ.ಗಿಂತ ಹೆಚ್ಚು ಚಾಚಿಕೊಂಡಿದೆ, ಅತಿ ಆಳದ ಕಡೆ 1,300 ಮೀಟರ್ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಎಷ್ಟು ಮೇಲಿದೆಯೋ ಅದಕ್ಕಿಂತಲೂ ಹೆಚ್ಚು ಕೆಳಕ್ಕೆ! ಇಷ್ಟು ಆಳ ಇರೋದರಿಂದಲೇ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಹಳ್ಳಿಯ ಬಾಗಿಲವರೆಗೂ ಬರುತ್ತವೆ.

ನೀರಿನ ಎರಡೂ ಕಡೆ ಬಂಡೆ ನೆಟ್ಟಗೆ ನಿಂತಿರುತ್ತೆ. ಮನೆ ಕಟ್ಟೋಕೆ, ಹುಲ್ಲು ಬೆಳೆಯೋಕೆ ಸಪಾಟು ಜಾಗ ಸಿಗೋದು ಮೇಲಿಂದ ಹೊಳೆ ಇಳಿದು ಮಣ್ಣು, ಮರಳು, ಕಲ್ಲು ತಂದು ಹಾಕಿದ ಕಡೆ ಮಾತ್ರ. ಅಲ್ಲೊಂದು ಇಲ್ಲೊಂದು ಬೀಸಣಿಗೆಯ ಆಕಾರದ ತುಂಡು ನೆಲ, ಅದೇ ಊರು. ಒಂದು ಊರಿಂದ ಪಕ್ಕದ ಊರಿಗೆ ದಡದ ಮೇಲೆ ನಡೆದು ಹೋಗೋಕೆ ದಾರಿಯೇ ಇಲ್ಲ, ದೋಣಿಯೇ ಗತಿ. ನಮಗೆ ನೀರು ಅಂದರೆ ಅಡ್ಡಿ, ಸೇತುವೆ ಕಟ್ಟಿ ದಾಟಬೇಕಾದದ್ದು. ಅವರಿಗೆ ನೀರೇ ಹೆದ್ದಾರಿ, ಗುಡ್ಡ ಅಡ್ಡಿ. ಇದೊಂದು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಅರ್ಥ ಆಗುತ್ತೆ.

ಹೆಚ್ಚಿನವರು ಹೋಗುವ ಊರು ಫ್ಲೋಮ್. ಸೋಗ್ನೆಫಿಯಾರ್ಡಿನ ಕವಲಾದ ಔರ್‌ಲಾಂಡ್ ಫಿಯಾರ್ಡಿನ ತುದಿಯಲ್ಲಿದೆ, ಜನಸಂಖ್ಯೆ ಮುನ್ನೂರು ಚಿಲ್ಲರೆ. ಪ್ರಸಿದ್ಧಿಯೆಲ್ಲ ಅಲ್ಲಿಂದ ಮೇಲೆ ಮಿರ್ದಾಲ್ ಸ್ಟೇಷನ್ನಿಗೆ ಹತ್ತುವ 20 ಕಿ.ಮೀ. ರೈಲಿನದು. ಫ್ಲೋಮ್ ಸ್ಟೇಷನ್ ಸಮುದ್ರಮಟ್ಟದಿಂದ 2 ಮೀಟರ್ ಮೇಲೆ, ಮಿರ್ದಾಲ್ 866 ಮೀಟರ್ ಮೇಲೆ. ಅತಿ ಕಡಿದಾದ ಕಡೆ 18 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ಇದು ಎಷ್ಟು ಅಂತ ತಿಳಿಯೋಕೆ ನಮ್ಮ ಲೆಕ್ಕ ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟ್ ರೈಲುದಾರಿಯಲ್ಲಿ 50ಕ್ಕೆ 1, ಮುಂಬೈ–ಪುಣೆ ನಡುವಿನ ಭೋರ್ ಘಾಟಿಯಲ್ಲಿ 37ಕ್ಕೆ 1. ಭೋರ್ ಘಾಟಿಯಲ್ಲಿ ರೈಲಿನ ಹಿಂದೆ ಹೆಚ್ಚುವರಿ ಇಂಜಿನ್ ಜೋಡಿಸಿ ತಳ್ಳೋದನ್ನು ನೀವು ನೋಡಿರುತ್ತೀರಿ. ಅದರ ಎರಡು ಪಟ್ಟು ಏರನ್ನು ಹಲ್ಲಿನ ಹಳಿ ಇಲ್ಲದೆ, ಮಾಮೂಲಿ ಹಳಿ ಮೇಲೆಯೇ ಈ ರೈಲು ಹತ್ತುತ್ತೆ. ಒಟ್ಟು 20 ಸುರಂಗ, ಅದರಲ್ಲಿ 18 ಕೈಯಲ್ಲೇ ಕೊರೆದದ್ದು. ಏರು ಇನ್ನೂ ಕಡಿದಾಗದಿರಲಿ ಅಂತ ಕೆಲವು ಕಡೆ ಹಳಿ ಬೆಟ್ಟದ ಹೊಟ್ಟೆಯೊಳಗೇ ತಿರುಗಿ ದಿಕ್ಕು ಬದಲಿಸುತ್ತೆ.

ಇಷ್ಟು ಸಾಹಸ ಯಾಕೆ? ಬರ್ಗೆನ್ ಮತ್ತು ಆಸ್ಲೋ ನಡುವಿನ ದೊಡ್ಡ ರೈಲುದಾರಿ 1909ರಲ್ಲಿ ಶುರುವಾಯ್ತು. ಅದು ಹೋಗೋದು ಮೇಲಿನ ಬೋಳು ಪ್ರಸ್ಥಭೂಮಿಯ ಮೇಲೆ. ಕೆಳಗೆ ಫಿಯಾರ್ಡಿನ ಉದ್ದಕ್ಕೂ ಇರುವ ಊರುಗಳ ಜನ, ಸಾಮಾನು, ಅಂಚೆ ಆ ರೈಲಿಗೆ ತಲುಪಬೇಕಲ್ಲ? ದೋಣಿಯಲ್ಲಿ ಫ್ಲೋಮ್‌ಗೆ ಬಂದು ಅಲ್ಲಿಂದ ಮೇಲಕ್ಕೆ ಹೋಗೋಕೆ ಈ ಕೊಂಡಿ ಬೇಕಾಗಿತ್ತು. 1920ರ ದಶಕದಲ್ಲಿ ಶುರುವಾದ ಕೆಲಸ ಮುಗಿದು ರೈಲು ಓಡಿದ್ದು 1940ರ ಆಗಸ್ಟಿನಲ್ಲಿ, ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿಕೊಂಡ ಕೆಲವೇ ತಿಂಗಳಿಗೆ. ಆಮೇಲೆ ರಸ್ತೆಗಳು ಬಂದವು, ಲಾರಿಗಳು ಬಂದವು, ಸಾಮಾನು ಸಾಗಣೆ ಕಮ್ಮಿ ಆಯ್ತು. ಪ್ರವಾಸಿಗರು ಇಲ್ಲದಿದ್ದರೆ ಈ ದಾರಿ ಎಂದೋ ಮುಚ್ಚಿಹೋಗುತ್ತಿತ್ತು. ಅಂದರೆ ಊರಿಗೋಸ್ಕರ ಬಂದ ರೈಲನ್ನು ಉಳಿಸಿಕೊಟ್ಟವರು ಹೊರಗಿನವರು.

ದಾರಿಯಲ್ಲಿ ಶ್ಯೋಸ್‌ಫೊಸೆನ್ ಜಲಪಾತದ ಎದುರು ರೈಲು ಕೆಲವು ನಿಮಿಷ ನಿಲ್ಲುತ್ತೆ. ಬೇಸಿಗೆಯಲ್ಲಿ ಬಂಡೆಯ ಮೇಲೆ ಕೆಂಪು ಉಡುಪಿನ ಹೆಂಗಸೊಬ್ಬಳು ಕಾಣಿಸಿಕೊಂಡು ಧ್ವನಿವರ್ಧಕದ ಹಾಡಿಗೆ ಕುಣಿಯುತ್ತಾಳೆ. ನಾರ್ವೆಯ ಜನಪದ ಕಥೆಗಳಲ್ಲಿ ಬರುವ, ಗಂಡಸರನ್ನು ಕಾಡಿಗೆ ಸೆಳೆಯುವ ಹುಲ್ಡ್ರಾ ಎಂಬ ಮೋಹಿನಿ ಇವಳು. ನನಗೆ ಆ ಕುಣಿತ ಅಷ್ಟಕ್ಕಷ್ಟೇ. ಆದರೆ ಅದೇ ಜಲಪಾತದ ನೀರಿನಿಂದ ಕರೆಂಟು ತೆಗೆದು ರೈಲು ಓಡಿಸುವ ಏರ್ಪಾಟು 1940ರ ದಶಕದಲ್ಲೇ ಆಯ್ತು ಅನ್ನೋದು ನನಗೆ ಹೆಚ್ಚು ಖುಷಿ ಕೊಟ್ಟ ವಿಷಯ. ಕಾಲಲ್ಲಿ ಶಕ್ತಿ ಇರುವವರು ಮೇಲಕ್ಕೆ ರೈಲಿನಲ್ಲಿ ಹೋಗಿ ಕೆಳಕ್ಕೆ ಸೈಕಲ್ಲಿನಲ್ಲಿ ಬರಬಹುದು. ಬರ್ಗೆನ್ ರೈಲುದಾರಿ ಕಟ್ಟಿದ ಕೂಲಿಗಳು ಸಾಮಾನು ಸಾಗಿಸಲು ಮಾಡಿಕೊಂಡ ರಸ್ತೆ ಅದು, ಹೆಸರೂ ಹಾಗೇ, ರಲ್ಲಾರ್‌ವೇಗೆನ್ ಅಂದರೆ ಕೂಲಿಗಳ ದಾರಿ. ಮಿರ್ದಾಲ್ ಪಕ್ಕದಲ್ಲಿ ಸಾಲಾಗಿ ಇಪ್ಪತ್ತೊಂದು ಹೇರ್‌ಪಿನ್ ತಿರುವು ಇದೆ, ಬ್ರೇಕ್ ನೋಡಿಕೊಂಡು ಇಳಿಯಿರಿ.

ಈಗ ಹಡಗಿನ ವಿಷಯ. ಒಂದು ದೊಡ್ಡ ಪ್ರವಾಸಿ ಹಡಗಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಇರುತ್ತಾರೆ. ಅದು ಬೆಳಿಗ್ಗೆ ಫ್ಲೋಮ್ ದಕ್ಕೆಗೆ ಬಂದು ನಿಂತರೆ ಊರಿನ ಒಬ್ಬೊಬ್ಬರಿಗೆ ಹತ್ತು ಹತ್ತು ಜನ ಅತಿಥಿಗಳು. ಎಲ್ಲರೂ ಹಡಗಿನಲ್ಲೇ ಉಂಡು, ಹಡಗಿನಲ್ಲೇ ಮಲಗುವವರು. ಊರಲ್ಲಿ ಉಳಿಯೋದು ರೈಲಿನ ಟಿಕೆಟ್ ದುಡ್ಡು, ಒಂದಷ್ಟು ಸ್ವೆಟರ್ ವ್ಯಾಪಾರ, ಗಾಳಿ ಇಲ್ಲದ ದಿನ ಕಣಿವೆಯಲ್ಲೇ ನಿಂತುಬಿಡುವ ಹೊಗೆ. ಎರಡೂ ಕಡೆ ಸಾವಿರ ಮೀಟರ್ ಗೋಡೆ ಇರೋವಾಗ ಹೊಗೆ ಹೋಗೋದಾದರೂ ಎಲ್ಲಿಗೆ?

ಹತ್ತಿರದ ನ್ಯಾರಯ್ ಫಿಯಾರ್ಡ್ ಮತ್ತು ಉತ್ತರಕ್ಕಿರುವ ಗೆಯ್‌ರಾಂಗೆರ್ ಫಿಯಾರ್ಡ್ ಎರಡೂ 2005ರಿಂದ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಯಲ್ಲಿವೆ. ಈ ಪರಂಪರೆ ಫಿಯಾರ್ಡುಗಳಲ್ಲಿ ಹೊಗೆ ಬಿಡುವ ಪ್ರವಾಸಿ ಹಡಗುಗಳು ಓಡಬಾರದು ಅಂತ ನಾರ್ವೆಯ ಸಂಸತ್ತು 2018ರಲ್ಲಿ ತೀರ್ಮಾನ ಮಾಡಿತು, ಗಡುವು 2026 ಅಂತ ಇಟ್ಟಿತು. ಆಮೇಲೆ ಒಂದು ರಾಜಿ ಆಯ್ತು: 10,000 ಟನ್ನೇಜ್‌ಗಿಂತ ಸಣ್ಣ ಹಡಗುಗಳಿಗೆ 2026, ದೊಡ್ಡವಕ್ಕೆ 2032. ಹೊಗೆ ಹೆಚ್ಚು ಬಿಡುವವರಿಗೇ ಹೆಚ್ಚು ಸಮಯ ಸಿಕ್ಕಿತು ಅಂತ ನನಗೆ ಅನ್ನಿಸುತ್ತೆ. ಆದರೆ ಅವು ಬರೋದೇ ನಿಂತರೆ ರೈಲು, ಅಂಗಡಿ ನಂಬಿಕೊಂಡ ಮನೆಗಳ ಗತಿ ಏನು ಅನ್ನುವ ಪ್ರಶ್ನೆಯೂ ಸಣ್ಣದಲ್ಲ.

ಸಣ್ಣ ದೋಣಿಗಳು ಮಾತ್ರ ಆಗಲೇ ಬದಲಾಗಿವೆ. ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ನ್ಯಾರಯ್ ಫಿಯಾರ್ಡಿನ ಮೂಲಕ ಹೋಗುವ 'ಫ್ಯೂಚರ್ ಆಫ್ ದಿ ಫಿಯಾರ್ಡ್ಸ್' ಎಂಬ ದೋಣಿ 2018ರಿಂದ ಪೂರ್ತಿ ಬ್ಯಾಟರಿಯಲ್ಲಿ ಓಡುತ್ತಿದೆ. ಇದರಲ್ಲಿ ನಮ್ಮಂಥವರಿಗೆ ಇಷ್ಟವಾಗುವ ಒಂದು ಸಂಗತಿ ಇದೆ. ಅಷ್ಟು ದೊಡ್ಡ ಬ್ಯಾಟರಿಯನ್ನು ಇಪ್ಪತ್ತು ನಿಮಿಷದಲ್ಲಿ ತುಂಬಿಸುವಷ್ಟು ಕರೆಂಟು ಎಳೆಯೋಕೆ ಗುಡ್‌ವಾಂಗೆನ್‌ನಂಥ ಪುಟ್ಟ ಊರಿನ ಲೈನಿಗೆ ತಾಕತ್ತಿಲ್ಲ. ಅದಕ್ಕೆ ಅವರು ದಕ್ಕೆಯಲ್ಲಿ ತೇಲುವ ಒಂದು ಕಟ್ಟೆ ಮಾಡಿ ಅದರೊಳಗೇ ಬ್ಯಾಟರಿ ಇಟ್ಟರು. ದಿನವಿಡೀ ಊರಿನ ಲೈನಿನಿಂದ ನಿಧಾನವಾಗಿ ಅದು ತುಂಬಿಕೊಳ್ಳುತ್ತೆ, ದೋಣಿ ಬಂದಾಗ ಒಂದೇ ಸಲಕ್ಕೆ ಕೊಟ್ಟುಬಿಡುತ್ತೆ. ಮನೆಯ ಓವರ್‌ಹೆಡ್ ಟ್ಯಾಂಕಿನ ಲೆಕ್ಕವೇ. ಇಂಜಿನ್ ಸದ್ದಿಲ್ಲದೆ ಆ ಫಿಯಾರ್ಡಿನಲ್ಲಿ ಹೋಗೋದು ಬೇರೆಯೇ ಅನುಭವ. ಅತಿ ಇಕ್ಕಟ್ಟಿನ ಕಡೆ ಅಗಲ 250 ಮೀಟರ್ ಅಷ್ಟೇ, ಎರಡೂ ದಡದ ಜಲಪಾತಗಳ ಸದ್ದು ಕೇಳಿಸುತ್ತೆ. ಗುಡ್‌ವಾಂಗೆನ್‌ನಲ್ಲಿ 2017ರಲ್ಲಿ ತೆರೆದ ವೈಕಿಂಗ್ ಹಳ್ಳಿಯೂ ಇದೆ, ಅದು ಮಾತ್ರ ನೋಡೋಕೆ ಅಂತಲೇ ಕಟ್ಟಿದ್ದು. ಮಕ್ಕಳಿದ್ದರೆ ಹೋಗಿ.

ಫ್ಲೋಮ್ ಪಕ್ಕದ ಔರ್‌ಲಾಂಡ್ ಊರಿನ ವಸ್ತುವೊಂದು ನಿಮ್ಮ ಕಾಲಲ್ಲೇ ಇರಬಹುದು. ಆಫೀಸಿಗೆ ಹಾಕಿಕೊಂಡು ಹೋಗುವ, ಲೇಸ್ ಇಲ್ಲದ ಲೋಫರ್ ಷೂ ಇದೆಯಲ್ಲ, ಅದರ ಮೂಲಗಳಲ್ಲಿ ಒಂದು ಈ ಊರು. ನಿಲ್ಸ್ ತ್ವೆರಾಂಗೆರ್ ಎಂಬ ಇಲ್ಲಿನ ಚಮ್ಮಾರ ಅಮೆರಿಕದಲ್ಲಿ ಕೆಲಸ ಕಲಿತು ವಾಪಸ್ ಬಂದು, 1930ರ ದಶಕದಲ್ಲಿ ಇಂಥ ಷೂ ಮಾಡಿ ಮಾರತೊಡಗಿದ. ಸಾಮನ್ ಮೀನು ಹಿಡಿಯೋಕೆ ಬರುತ್ತಿದ್ದ ಶ್ರೀಮಂತ ಇಂಗ್ಲಿಷರು ಇವುಗಳ ಗಿರಾಕಿಗಳು. ಅಮೆರಿಕದ ಬಾಸ್ ಕಂಪನಿ 1936ರಲ್ಲಿ ತನ್ನ ಲೋಫರ್‌ಗೆ 'ವೀಜನ್' ಅಂತ ಹೆಸರಿಟ್ಟಿತು, ನಾರ್ವೀಜಿಯನ್ ಅನ್ನುವ ಪದದ ಬಾಲ ಅದು. ಔರ್‌ಲಾಂಡ್‌ನಲ್ಲಿ ಇವತ್ತಿಗೂ ಕೈಯಲ್ಲಿ ಷೂ ಹೊಲಿಯುವುದನ್ನು ನಿಂತು ನೋಡಬಹುದು. ಬೆಲೆ ಕೇಳಿ ಗಾಬರಿ ಆಗಬೇಡಿ.

ಆ ಊರಿನ ಮೇಲೆ 650 ಮೀಟರ್ ಎತ್ತರದಲ್ಲಿ ಸ್ತೇಗಸ್ತೈನ್ ಎಂಬ ಮರ, ಉಕ್ಕಿನ ಕಟ್ಟೆ ಇದೆ. ಗುಡ್ಡದಿಂದ ಗಾಳಿಗೆ 30 ಮೀಟರ್ ಚಾಚಿ, ಕೊನೆಯಲ್ಲಿ ಗಾಜು ಮಾತ್ರ ತಡೆ ಇಟ್ಟುಕೊಂಡು ಕೆಳಕ್ಕೆ ಬಾಗುತ್ತೆ. ಫೋಟೊಗೆ ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ಅದು ಇರುವ ರಸ್ತೆ ಒಂದು ಕಾಲಕ್ಕೆ ಲ್ಯಾರ್‌ದಾಲ್ ಕಡೆಗೆ ಹೋಗುವ ದಾರಿ, ಚಳಿಗಾಲವಿಡೀ ಹಿಮದಲ್ಲಿ ಮುಚ್ಚಿರುತ್ತಿತ್ತು. ಅದಕ್ಕೆ ಉತ್ತರವಾಗಿ 2000ದಲ್ಲಿ 24.5 ಕಿ.ಮೀ. ಉದ್ದದ ಲ್ಯಾರ್‌ದಾಲ್ ಸುರಂಗ ತೆರೆದರು, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗಗಳಲ್ಲಿ ಹೆಸರಾದದ್ದು. ಇಪ್ಪತ್ತು ನಿಮಿಷ ಒಂದೇ ಸಮ ಕತ್ತಲಲ್ಲಿ ಓಡಿಸಿದರೆ ಚಾಲಕನ ಕಣ್ಣು ಮಂಕಾಗುತ್ತೆ, ಹಾಗಾಗಿ ನಡುನಡುವೆ ಮೂರು ಕಡೆ ಗುಹೆಯಂತೆ ಅಗಲ ಮಾಡಿ ನೀಲಿ ದೀಪ ಹಾಕಿದ್ದಾರೆ. ಟೋಲ್ ಇಲ್ಲ.

ಫ್ಲೋಮ್‌ಗೆ ಬಂದವರಲ್ಲಿ ಕಮ್ಮಿ ಜನ ಹೋಗುವ ಊರು ಉಂದ್ರೆದಾಲ್. ಜನ ನೂರರ ಆಸುಪಾಸು, ಆಡುಗಳು ಅದರ ಎಷ್ಟೋ ಪಟ್ಟು. 1988ರವರೆಗೆ ರಸ್ತೆಯೇ ಇರಲಿಲ್ಲ. ನೋಡೋಕೆ ಎರಡು ವಸ್ತು. ಒಂದು, ಸುಮಾರು 40 ಜನ ಕೂರಬಹುದಾದ, 12ನೇ ಶತಮಾನದ ಪುಟ್ಟ ಮರದ ಚರ್ಚು. ಇನ್ನೊಂದು ಕಂದು ಚೀಸ್.

ಈ ಕಂದು ಚೀಸ್ ಅಂದರೆ ಏನು ಅನ್ನೋದು ನಮಗೆ ಬೇಗ ತಿಳಿಯುತ್ತೆ. ಪನೀರ್ ಮಾಡುವಾಗ ಗಟ್ಟಿ ಭಾಗ ಬೇರೆಯಾಗಿ ಹಳದಿ ಹಸಿರು ನೀರು ಉಳಿಯುತ್ತಲ್ಲ, ಅಂಥದೇ ನೀರನ್ನು ಗಂಟೆಗಟ್ಟಲೆ ಕಾಯಿಸಿ ಇಂಗಿಸುತ್ತಾರೆ. ಆ ನೀರಿನಲ್ಲಿರುವ ಹಾಲಿನ ಸಕ್ಕರೆ ಕಾದು ಕಂದಾಗಿ ಸಿಹಿ ಬರುತ್ತೆ. ಧಾರವಾಡ ಪೇಡ, ಬೆಳಗಾವಿ ಕುಂದಾಕ್ಕೆ ಬಣ್ಣ ಬರೋದೂ ಹಾಲನ್ನು ಹೀಗೆ ಕಾಯಿಸಿದ್ದರಿಂದಲೇ. ರುಚಿಯಲ್ಲಿ ಮಾತ್ರ ಆಡಿನ ಹಾಲಿನ ಘಾಟು, ಸ್ವಲ್ಪ ಉಪ್ಪು ಇದೆ, ಮೊದಲ ತುಂಡಿಗೇ ಎಲ್ಲರೂ ಒಪ್ಪಿಕೊಳ್ಳೋದಿಲ್ಲ. ಉಳಿದ ನೀರನ್ನೂ ಚೆಲ್ಲದೆ ಚಳಿಗಾಲಕ್ಕೆ ಕಟ್ಟಿಟ್ಟುಕೊಳ್ಳುವ ಬಡವರ ಜಾಣತನ ಇದು. ಉಂದ್ರೆದಾಲ್‌ನವರು ಇದನ್ನು ಪಾಶ್ಚರೀಕರಣ ಮಾಡದ ಹಾಲಿನಿಂದ ಮಾಡುತ್ತಾರೆ. ಹಾಗೆ ಮಾಡಿ ಮಾರುವ ಹಕ್ಕಿಗಾಗಿ ಅಲ್ಲಿನವರು ಆಹಾರ ಇಲಾಖೆಯ ನಿಯಮಗಳ ಜೊತೆ ವರ್ಷಗಟ್ಟಲೆ ಗುದ್ದಾಡಬೇಕಾಯಿತು. ಸಸ್ಯಾಹಾರಿಗಳಿಗೆ ಒಂದು ಮಾತು: ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರಬಹುದು, ಕೇಳಿ ತಗೊಳ್ಳಿ. ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. 2013ರ ಜನವರಿಯಲ್ಲಿ ಉತ್ತರ ನಾರ್ವೆಯ ಸುರಂಗವೊಂದರಲ್ಲಿ ಸುಮಾರು 27 ಟನ್ ಕಂದು ಚೀಸ್ ಸಾಗಿಸುತ್ತಿದ್ದ ಲಾರಿಗೆ ಬೆಂಕಿ ಬಿತ್ತು. ಸಕ್ಕರೆ, ಕೊಬ್ಬು ಎರಡೂ ತುಂಬಿದ ವಸ್ತು, ದಿನಗಟ್ಟಲೆ ಉರಿಯಿತು.

ಮರದ ಚರ್ಚು ಅಂದೆನಲ್ಲ, ಅದರ ದೊಡ್ಡಣ್ಣ ಉರ್ನೆಸ್‌ನಲ್ಲಿದೆ. ಸೋಗ್ನೆಫಿಯಾರ್ಡಿನ ಒಳಕವಲಿನಲ್ಲಿ, ಸೊಲ್‌ವೋರ್ನ್ ಎಂಬ ಹಳ್ಳಿಯಿಂದ ಪುಟ್ಟ ಫೆರಿಯಲ್ಲಿ ದಾಟಿ ಗುಡ್ಡ ಹತ್ತಬೇಕು. 1130ರ ಸುಮಾರಿಗೆ ಕಟ್ಟಿದ್ದು, 1979ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮರ ಒಂಬತ್ತು ಶತಮಾನ ಹೇಗೆ ಉಳಿಯಿತು ಅಂದರೆ, ಕಂಬಗಳನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ಮಲಗಿಸಿದ ತೊಲೆಗಳಲ್ಲಿ ನಿಲ್ಲಿಸಿದರು. ತೇವ ತಾಗಲಿಲ್ಲ, ಬುಡ ಕೊಳೆಯಲಿಲ್ಲ. ಮೇಲೆ ಪೈನ್ ಮರದ ಟಾರು ಬಳಿಯುತ್ತಾ ಬಂದರು. ನಮ್ಮ ಕರಾವಳಿ, ಮಲೆನಾಡಿನ ಹಳೇ ಮನೆಗಳಲ್ಲೂ ಮರದ ಕಂಬದ ಕೆಳಗೆ ಕಲ್ಲು ಇರುತ್ತೆ, ಕಾರಣ ಅದೇ. ಉತ್ತರದ ಗೋಡೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಕಚ್ಚಾಡುವ ಪ್ರಾಣಿ, ಹಾವುಗಳ ಕೆತ್ತನೆ ಇದೆ. ಅದು ಈ ಚರ್ಚಿಗಿಂತಲೂ ಹಳೆಯದು, ಮೊದಲಿದ್ದ ಚರ್ಚಿನದನ್ನು ತಂದು ಜೋಡಿಸಿದ್ದು. ಒಂದು ಕಾಲಕ್ಕೆ ಇಂಥ ಚರ್ಚು ಸಾವಿರದಷ್ಟಿದ್ದವು, ಈಗ ನಾರ್ವೆಯಲ್ಲಿ ಉಳಿದಿರೋದು 28.

ಗೆಯ್‌ರಾಂಗೆರ್ ಇದಕ್ಕೆಲ್ಲ ಉತ್ತರಕ್ಕೆ, ಬೇರೆ ದಿನವೇ ಬೇಕು. ಚಳಿಗಾಲದಲ್ಲಿ ಇನ್ನೂರು ಮುನ್ನೂರು ಜನ ಇರುವ ಊರು. ದೋಣಿಯವರು 'ಏಳು ಅಕ್ಕತಂಗಿಯರು' ಎಂಬ ಜಲಪಾತ ತೋರಿಸುತ್ತಾರೆ, ಎದುರು ದಡದಲ್ಲಿ ಅವರನ್ನು ಮದುವೆಗೆ ಕೇಳುವ 'ವರ' ಎಂಬ ಇನ್ನೊಂದು ಜಲಪಾತ. ಅದಕ್ಕಿಂತ ನೋಡಬೇಕಾದದ್ದು ಬಂಡೆಯ ಮೇಲೆ ಕಪಾಟಿನಂತೆ ಸಿಕ್ಕಿಕೊಂಡಿರುವ ಖಾಲಿ ಹೊಲಮನೆಗಳು. ಸ್ಕಾಗೆಫ್ಲೊ ಎಂಬುದು ನೀರಿನಿಂದ ಸುಮಾರು 250 ಮೀಟರ್ ಮೇಲಿದೆ. ತೆರಿಗೆ ವಸೂಲಿಯವರು ಬಂದರೆ ಏಣಿ ಎಳೆದುಕೊಳ್ಳುತ್ತಿದ್ದರು ಅಂತ ಒಂದು ಐತಿಹ್ಯ. ಮಕ್ಕಳು ಬೀಳದಿರಲಿ ಅಂತ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು ಅಂತಲೂ ಹೇಳುತ್ತಾರೆ. ಅಲ್ಲಿ ಈಗ ಯಾರೂ ಬೇಸಾಯ ಮಾಡೋದಿಲ್ಲ. 1993ರಲ್ಲಿ ರಾಜ ಹರಾಲ್ಡ್, ರಾಣಿ ಸೋನ್ಯಾ ತಮ್ಮ ಮದುವೆಯ 25ನೇ ವರ್ಷವನ್ನು ಆಚರಿಸಿದ್ದು ಅಲ್ಲೇ.

ಈ ಚೆಲುವಿಗೆ ಒಂದು ಭಯಾನಕ ಬದಿ ಇದೆ. ಹತ್ತಿರದ ಸುನ್ನುಲ್ವ್ ಫಿಯಾರ್ಡಿನ ಮೇಲೆ ಓಕರ್ನೆಸ್ ಎಂಬ ಬೆಟ್ಟ ಬಿರುಕು ಬಿಟ್ಟಿದೆ, ಬಿರುಕು ವರ್ಷಕ್ಕೆ ಕೆಲವು ಸೆಂಟಿಮೀಟರ್ ಅಗಲವಾಗುತ್ತಿದೆ. ಬೆಟ್ಟದ ಆ ಭಾಗ ನೀರಿಗೆ ಬಿದ್ದರೆ ಎದ್ದ ಅಲೆ ಗೆಯ್‌ರಾಂಗೆರ್, ಹೆಲ್ಲೆಸುಲ್ತ್ ಊರುಗಳಿಗೆ ನುಗ್ಗುತ್ತೆ. ಇದು ಊಹೆಯಲ್ಲ. 1934ರಲ್ಲಿ ಪಕ್ಕದ ತಾಫ್ಯೋರ್ಡ್‌ನಲ್ಲಿ ಹೀಗೇ ಆಗಿ 40 ಜನ ಸತ್ತರು. ಲೋಯೆನ್ ಬಳಿಯ ಸರೋವರದಲ್ಲಿ 1905ರಲ್ಲಿ 61 ಜನ, 1936ರಲ್ಲಿ ಅದೇ ಬೆಟ್ಟ ಮತ್ತೆ ಕುಸಿದು 74 ಜನ. ಲೋಯೆನ್‌ಗೆ ಹೋಗುವವರೆಲ್ಲ 2017ರಲ್ಲಿ ತೆರೆದ, 1,011 ಮೀಟರ್ ಮೇಲಕ್ಕೆ ಒಯ್ಯುವ ಕೇಬಲ್ ಕಾರಿಗೆ ಸಾಲು ನಿಲ್ಲುತ್ತಾರೆ. ಸರೋವರದ ಕಡೆ ಹೋಗಿ ಒಂದು ಗಂಟೆ ಕಳೆಯಿರಿ ಅಂತ ನನ್ನ ಸಲಹೆ. ಓಕರ್ನೆಸ್ ಬಿರುಕಿಗೆ ಈಗ ಹಗಲೂ ರಾತ್ರಿ ಅಳತೆ ಉಪಕರಣಗಳ ಕಾವಲಿದೆ. ಬೀಳುವ ಮುಂಚೆ ಬಂಡೆಯ ಚಲನೆ ಜೋರಾಗುತ್ತೆ, ಅಷ್ಟರಲ್ಲಿ ಜನರನ್ನು ಖಾಲಿ ಮಾಡಿಸಬಹುದು ಅನ್ನೋದು ಲೆಕ್ಕ. 2015ರ 'ಬೋಲ್ಗೆನ್' ಸಿನಿಮಾದ ಕಥೆ ಇದೇ. ಅಲೆ ತಲುಪುವ ಜಾಗದಲ್ಲಿ ಹೊಸ ಕಟ್ಟಡಕ್ಕೆ ನಿರ್ಬಂಧಗಳಿವೆ. ದೋಣಿ, ಅಂಗಡಿ, ದಕ್ಕೆ ಎಲ್ಲ ಇರೋದು ಅದೇ ನೀರಂಚಿನಲ್ಲಿ.

ಒಂದೇ ಊರು ಆರಿಸಿಕೊಳ್ಳಿ ಅಂದರೆ ನಾನು ಹೇಳೋದು ಫ್ಯಾರ್ಲಾಂಡ್. ಸೋಗ್ನೆಫಿಯಾರ್ಡಿನ ಇನ್ನೊಂದು ಕವಲಿನ ತುದಿ, ಮುನ್ನೂರರ ಆಸುಪಾಸು ಜನ, ತಲೆಯ ಮೇಲೆ ಯುರೋಪ್ ಖಂಡದ ಮುಖ್ಯಭೂಮಿಯ ಅತಿ ದೊಡ್ಡ ಹಿಮನದಿ ಯೂಸ್ತೆದಾಲ್ಸ್‌ಬ್ರೀನ್. 1980ರ ದಶಕದಲ್ಲಿ ಸುರಂಗ ಬರುವವರೆಗೆ ಇಲ್ಲಿಗೂ ರಸ್ತೆ ಇರಲಿಲ್ಲ. 1991ರಲ್ಲಿ ಹಿಮನದಿ ಮ್ಯೂಸಿಯಂ ಆಯ್ತು, ವಾಸ್ತುಶಿಲ್ಪಿ ಸ್ವೆರೆ ಫೆನ್. ಮಂಜುಗಡ್ಡೆ ಬಂಡೆಯನ್ನು ಹೇಗೆ ಕೊರೆಯುತ್ತೆ ಅಂತ ಅಲ್ಲಿ ಕೈಯಲ್ಲಿ ಮುಟ್ಟಿ ತಿಳಿಯಬಹುದು. ಆದರೆ ಊರಿಗೆ ಹೆಸರು ತಂದಿದ್ದು ಪುಸ್ತಕ. 1990ರ ದಶಕದ ನಡುವಿನಲ್ಲಿ ಊರಿನ ಬಳಕೆ ತಪ್ಪಿದ ಕಟ್ಟಡಗಳಲ್ಲಿ ಹಳೇ ಪುಸ್ತಕದಂಗಡಿ ತೆರೆದರು. ದನದ ಕೊಟ್ಟಿಗೆ, ದೋಣಿಮನೆ, ದೋಣಿಗೆ ಕಾಯುವವರ ಕೋಣೆ, ಎಲ್ಲ ಕಡೆ ಪುಸ್ತಕ. ರಸ್ತೆ ಪಕ್ಕದಲ್ಲಿ ಯಾರೂ ಕಾಯದ ಕಪಾಟುಗಳೂ ಇವೆ, ಬೇಕಾದ್ದು ತಗೊಂಡು ದುಡ್ಡನ್ನು ಡಬ್ಬಿಗೆ ಹಾಕಿ ಹೋಗೋದು. ಹೆಚ್ಚಿನವು ನಾರ್ವೀಜಿಯನ್ ಭಾಷೆಯವು, ಹುಡುಕಿದರೆ ಇಂಗ್ಲಿಷಿನವೂ ಸಿಗುತ್ತವೆ.

ಅಂಗಡಿಗಳು ತೆರೆದಿರೋದು ಬೇಸಿಗೆಯಲ್ಲಿ, ಹಾಗಾಗಿ ಮೇ ಕೊನೆಯಿಂದ ಆಗಸ್ಟ್ ಒಳಗೆ ಹೋಗಿ. ಫ್ಲೋಮ್ ಆಗಲಿ ಇಲ್ಲಿ ಆಗಲಿ, ಒಂದು ರಾತ್ರಿ ಉಳಿಯೋ ಲೆಕ್ಕ ಹಾಕಿಕೊಳ್ಳಿ. ಹಡಗುಗಳು ಸಾಯಂಕಾಲ ಹೊರಟುಹೋಗುತ್ತವೆ, ಜೂನ್‌ನಲ್ಲಿ ರಾತ್ರಿ ಹತ್ತೂವರೆಗೂ ಬೆಳಕಿರುತ್ತೆ, ಆಗ ಊರು ಊರಿನವರ ಕೈಗೆ ವಾಪಸ್ ಬರುತ್ತೆ. ದುಡ್ಡಿನ ಬಗ್ಗೆ ಒಂದು ಮಾತು. ನಾರ್ವೆಯಲ್ಲಿ ಎಲ್ಲ ಕಡೆ ಕಾರ್ಡ್ ನಡೆಯುತ್ತೆ, ಊರಿನವರು ನಮ್ಮ ಯುಪಿಐ ಥರ ವಿಪ್ಸ್ ಅನ್ನುವ ಆ್ಯಪ್ ಬಳಸುತ್ತಾರೆ. ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು, ಪ್ರವಾಸಕ್ಕೆ ಹೋದ ನಮಗೆ ಸಿಗೋದಿಲ್ಲ. ರಸ್ತೆ ಪಕ್ಕದ ಪುಸ್ತಕದ ಕಪಾಟಿಗೆ ಕಾರ್ಡ್ ಉಜ್ಜೋ ಮಷೀನ್ ಇರೋದಿಲ್ಲ, ಹೋಗುವ ಮುಂಚೆ ಹತ್ತು, ಇಪ್ಪತ್ತು ಕ್ರೋನರ್ ನಾಣ್ಯ ಒಂದಷ್ಟು ಜೇಬಲ್ಲಿ ಇಟ್ಟುಕೊಳ್ಳಿ.